ಇರುವೆ ಬಿಟ್ಟು ನೋಡಿದ ಹಾಲು

ಸ್ಪಿರಿಟ್ ಸ್ಟೋವಿನ ಮೇಲೆ ಕತ್ತರಿ ಕುದಿಯುತ್ತಿತ್ತು. ಈರಮ್ಮ ಇಪ್ಪತ್ತು ದಿನದ ಮೊಮ್ಮಗನನ್ನು ಅವಚಿಕೊಂಡು ಅದನ್ನೇ ನೋಡುತ್ತಿದ್ದಳು. ಕಾಸರಕೋಡಿನಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಬರುವಷ್ಟರಲ್ಲಿ ಮಗು ಅಳುವುದನ್ನೂ ಬಿಟ್ಟಿತ್ತು.

"ನಾ ಮೀನು ಕೊಯ್ಯೂಳು, ದಾಕ್ತರೇ, ಕತ್ತರಿಗೆ ಹೆದರೂದಿಲ್ಲ. ಆದ್ರೆ ಇವ್ನಿಗೆ ಎಂತಕ್ಕೆ? ಕೆಟ್ಟದ್ದು ಇವಳ ಹಾಲು. ಔಸ್ದಿ ಇವಳಿಗೆ ಕೊಡಿ."

ಎಪ್ಪತ್ತೆಂಟರ ಕ್ಯಾಲೆಂಡರಿನ ಕೆಳಗೆ ಸೊಸೆ ಕಮಲಿ ತಲೆತಗ್ಗಿಸಿ ಕೂತಿದ್ದಳು. ರವಿಕೆ ಒದ್ದೆಯಾಗಿತ್ತು.

"ಕೆಟ್ಟದ್ದು ಅಂತ ಯಾರು ಹೇಳಿದ್ರು?" ರಮಾನಂದ ಡಾಕ್ಟರು ಕೇಳಿದರು.

"ಯಾರು ಹೇಳೂದು! ಹೋದ ವರ್ಷ ಚೊಚ್ಚಲ ಹೆಣ್ಣಿಗೂ ಹೀಂಗೇ ಆತು. ಚಿಪ್ಪಿನ ತುಂಬ ಹಾಲು ಹಿಂಡ್ಸಿ ಇರುವೆ ಬಿಟ್ಟು ನೋಡ್ದೆ. ಇರುವೆ ಸತ್ತೇ ಹೋತು, ಹಾಲು ವಿಷ ಅಂತ ಗೊತ್ತಾತು. ಮತ್ತೆ ಇವಳೆದೆಗೆ ಮಲ್ಲಿಗೆ ಕಟ್ಟಿ ಹಾಲು ಬತ್ತಿಸ್ದೆ."

"ಮಗುವಿಗೆ ಎಂತ ಕೊಟ್ರಿ?"

"ಗಂಜಿತಿಳಿ." ಈರಮ್ಮನ ದನಿ ಇಳಿಯಿತು. "ಒಂದು ತಿಂಗಳು ಜೀವ ಇತ್ತು."

ಡಾಕ್ಟರು ಬೆರಳಿನಿಂದ ಮಗುವಿನ ನಾಲಗೆ ಎತ್ತಿದರು. ಅದರ ತುದಿಯನ್ನು ತೆಳ್ಳಗಿನ ಬಿಳಿ ಪೊರೆಯೊಂದು ಕೆಳಗೆ ಎಳೆದು ಹಿಡಿದಿತ್ತು.

"ನೋಡಿ. ಇದು ನಾಲಗೆ ಚಾಚೂಕೆ ಬಿಡೂದಿಲ್ಲ. ಎಷ್ಟು ಹಾಲಿದ್ರೂ ಎಳೆಯೂಕೆ ಆಗೂದಿಲ್ಲ, ನಾಲಗೆ ಜಾರಿ ಟಕ್ ಟಕ್ ಅಂತದೆ."

ನರ್ಸ್ ಮಹಾಲಕ್ಷ್ಮೀ ಮಗುವಿನ ತಲೆ ಹಿಡಿದಳು. ಕತ್ತರಿ ಒಮ್ಮೆ ಆಡಿತು. ಹತ್ತಿಯ ಮೇಲೆ ಒಂದೇ ಹನಿ ರಕ್ತ.

"ಆತು. ಎದೆಗೆ ಹಾಕಮ್ಮ."

"ಇಷ್ಟೇಯಾ?" ಎಂದಳು ಈರಮ್ಮ.

ಮಗು ಎರಡು ಸಲ ತಡವರಿಸಿತು, ಮೂರನೆಯ ಸಲ ಕಚ್ಚಿ ಹಿಡಿಯಿತು. ಪುಟ್ಟ ಗಂಟಲು ಏರಿ ಇಳಿಯತೊಡಗಿತು. ಕಮಲಿ ಬಹಳ ಹೊತ್ತು ಕಿವಿಗೊಟ್ಟು ಕೂತಳು.

"ಟಕ್ ಟಕ್ ಸದ್ದು ನಿಂತೋಯ್ತು, ಅತ್ತೆ."

"ಹೂಂ."

"ಆ ಚೊಚ್ಚಲವಳೂ ಹಾಲು ಎಳೀವಾಗ ಹೀಂಗೇ ಟಕ್ ಟಕ್ ಮಾಡ್ತಿದ್ಲು. ನೀವು ಹಲ್ಲಿಮರಿ ಅಂತಿದ್ರಿ. ನಾನೂ ನಗ್ತಿದ್ದೆ."

ಕಮಲಿಯ ಇನ್ನೊಂದು ಎದೆಯ ಹಾಲು ರವಿಕೆಯಿಂದ ತೊಟ್ಟಿಕ್ಕಿ ಬೆಂಚಿನ ಮೇಲೆ ಬೀಳುತ್ತಿತ್ತು. ಒರೆಸಲೆಂದು ಈರಮ್ಮ ಸೆರಗು ಹಿಡಿದು ಬಗ್ಗಿದಳು. ಗೋಡೆಯ ಬಿರುಕಿನಿಂದ ಬಂದ ಇರುವೆಗಳು ಹಾಲಿನ ಹನಿಯ ಸುತ್ತ ಒತ್ತಾಗಿ ನಿಂತು ಕುಡಿಯುತ್ತಿದ್ದವು. ಒಂದು ಕುಡಿದು ಹಿಂದಿರುಗಿತು. ಅದರ ಜಾಗಕ್ಕೆ ಇನ್ನೊಂದು ಬಂತು.

ಸೆರಗು ಅವಳ ಕೈಯಲ್ಲೇ ಉಳಿಯಿತು.