ಕೈಗವಸು ಕಳಿಸದ ಸಾವು

ಅಪ್ಪ ತೀರಿಕೊಂಡ ಬೆಳಿಗ್ಗೆ ಚಿಕ್ಕಪ್ಪ ಜೋಥಮ್ ಅಮ್ಮನನ್ನು ಮೊದಲು ಕೇಳಿದ್ದು ಕರಿ ಕೈಗವಸಿನ ವಿಷಯ.

"ಎಷ್ಟು ಜೊತೆ ಕಳಿಸ್ಲಿ ಅತ್ತಿಗೆ?"

ನಮ್ಮೂರಲ್ಲಿ ಸಾವಿನ ಮನೆಯಿಂದ ಒಂದು ಜೊತೆ ಕೈಗವಸು ಹೋದರೇನೇ ಕರೆ ಹೋದಂತೆ. ಅದು ಬಾರದಿದ್ದರೆ ಗೋಡೆಯಾಚೆಯವರೂ ಮಣ್ಣಿಗೆ ಬರುವುದಿಲ್ಲ. ಬಂದ ಕೈಗವಸನ್ನು ತೊಡದೆ ಹೋದರೆ ಸತ್ತವರಿಗೆ ಅವಮಾನ. ಪಾದ್ರಿ ಅಯ್ಯನವರ ಹೆಂಡತಿ ಪ್ರತಿ ಸಾವಿಗೂ ಬಂದು ಪೆಟ್ಟಿಗೆ ತುಂಬಿದ ಕೈಗವಸು ಮಾರಿಯೇ ಬೆಣ್ಣೆ ಕೊಳ್ಳುತ್ತಾರೆಂದು ಊರವರು ನಗುತ್ತಿದ್ದರು.

ಅವೆಲ್ಲ ಇಂಗ್ಲೆಂಡಿನ ಮಾಲು. ಆ ಚಳಿಗಾಲ ಇಂಗ್ಲೆಂಡಿನದೇನನ್ನೂ ಕೊಳ್ಳುವುದಿಲ್ಲ, ಸಾವಿಗೆ ಕೈಗವಸು ಹಂಚುವುದಿಲ್ಲ ಎಂದು ಅಮೆರಿಕದ ವಸಾಹತುಗಳೆಲ್ಲ ಕೂಡಿ ನಿಶ್ಚಯಿಸಿದ್ದವು. ನಮ್ಮವನೊಬ್ಬನೂ ಇಲ್ಲದ ಸಭೆ ಕಡಲಾಚೆ ಕೂತು ನಮ್ಮ ಮೇಲೆ ತೆರಿಗೆ ಹೇರಿತ್ತು. ಬಾಸ್ಟನ್ನಿನವರು ಆ ತೆರಿಗೆಯ ಚಹಾವನ್ನು ಕಡಲಿಗೆ ಸುರಿದರು. ಅದಕ್ಕೆ ದೊರೆ ಬಂದರನ್ನೇ ಮುಚ್ಚಿಸಿದ. ಹಡಗು ಬಾರದ ಮೇಲೆ ಹಗ್ಗ ಯಾರಿಗೆ ಬೇಕು? ಹಗ್ಗ ಹೊಸೆಯುತ್ತಿದ್ದ ಅಪ್ಪ ಅವರಿವರ ಸೌದೆ ಒಡೆಯಲು ಹೋಗಿ, ಹಿಮದಲ್ಲಿ ನೆನೆದು, ಎದೆಯಲ್ಲಿ ಕಫ ಕಟ್ಟಿ ಮಲಗಿದರು. ಕೊನೆಗೆ ಅಂದದ್ದು ಒಂದೇ: "ಅವ್ರ ಗವಸು ತೊಟ್ಟ ಕೈ ನನ್ನನ್ನ ಹೊರೋದು ಬೇಡ."

"ಬೇಡ ಜೋಥಮ್," ಅಂದಳು ಅಮ್ಮ.

"ನನ್ನ ಗೋದಾಮಲ್ಲಿ ಹಳೇ ಮಾಲಿದೆ. ನಿಮ್ಮನ್ನ ಕಾಸು ಕೇಳಿದ್ನಾ?"

"ಬೇಡ ಅಂದೆ."

"ಹೊರೋಕೆ ಆರು ಜನ ಬೇಕು. ಕರೆಯದೆ ಯಾರು ಬರ್ತಾರೆ? ಅಣ್ಣನ್ನ ಗೊಬ್ಬರದ ಗಾಡೀಲಿ ಕಳಿಸ್ತೀರಾ?"

"ಕೆಜಾಯಾ ಹೋಗಿ ಬಾಯಲ್ಲೇ ಕರೀತಾಳೆ."

ಚಿಕ್ಕಪ್ಪ ನನ್ನತ್ತ ತಿರುಗಿ ನಕ್ಕರು. "ಇವಳಾ? ಇವಳು ಆಮೆನ್ ಅಂದ್ರೆ ಪಕ್ಕದವಳಿಗೂ ಕೇಳ್ಸಲ್ಲ."

ಅದು ಸುಳ್ಳಲ್ಲ. ಯಾರ ಬಾಗಿಲನ್ನೂ ನಾನಾಗಿ ತಟ್ಟಿದವಳಲ್ಲ ನಾನು. ಕಮ್ಮಾರ ಅಸಹೇಲನ ಕುಲುಮೆಯ ಮುಂದೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಿಂತುಬಿಟ್ಟೆ.

"ಏನವ್ವಾ, ಲಾಳ ಬೇಕಾ? ಇಲ್ಲ ಬೆಂಕಿ ಕಾಯಿಸ್ಕೊಳ್ಳೋಕೆ ಬಂದ್ಯಾ?"

"ಅಪ್ಪ ಹೋದ್ರು. ನಾಳೆ ಮಧ್ಯಾಹ್ನ ಮಣ್ಣು. ನೀವು ಹೊರಬೇಕು."

ಅವನ ನೋಟ ನನ್ನ ಕೈಗೆ ಇಳಿಯಿತು. ಅಲ್ಲೇನೂ ಇರಲಿಲ್ಲ.

"ಬರಿಗೈಲೇ ಬನ್ನಿ. ಅಪ್ಪ ಹಾಗಂತ ಹೇಳಿ ಹೋಗಿದಾರೆ."

"ನಮ್ಮ ತಾತನ ಕಾಲದಿಂದ ಹಾಗೆ ಯಾರೂ ಹೋದೋರಿಲ್ಲ," ಎಂದು ಅವನು ತಿದಿ ಒತ್ತಿದ. "ನೋಡೋಣ."

ಉಳಿದವರೂ ನೋಡೋಣ ಅಂದರು. ಪೀಪಾಯಿ ಮಾಡುವವನ ಹೆಂಡತಿ ಮಾತ್ರ, "ತಿರುಕ ಸತ್ರೂ ಒಂದು ಜೊತೆ ಕಳಿಸ್ತಾರೆ ಕಣೇ," ಎಂದು ಕದ ಹಾಕಿಕೊಂಡಳು.

ಮರುದಿನ ಬಾಗಿಲು ತೆರೆದರೆ ಅಂಗಳದ ತುಂಬ ಗಂಡಸರು. ಎದೆ ಹಗುರಾಯಿತು. ಆಮೇಲೆ ಕಣ್ಣು ಕೆಳಗಿಳಿಯಿತು. ಎಲ್ಲರ ಕೈಯೂ ಕರ್ರಗಿತ್ತು.

"ಸಂಜೆ ನಿಮ್ಮನೆಯಿಂದ ಅಂತ ಬಂತು," ಅಂದ ಅಸಹೇಲ. "ಮನಸ್ಸು ಬದಲಾಯಿಸಿದ್ರಿ ಅನ್ಕೊಂಡೆ."

ಚಿಕ್ಕಪ್ಪ ನನ್ನ ಕಿವಿಯ ಬಳಿ ಬಗ್ಗಿದರು. "ಅಣ್ಣನ ಮಾನ ಉಳಿಸಿದೀನಿ. ಸುಮ್ನಿರು."

ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಇದ್ದುಬಿಡಬಹುದಿತ್ತು. ಒಳಗೆ ಅಮ್ಮ ಅಪ್ಪನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು. ತೊಟ್ಟದ್ದನ್ನು ಅವರಾಗಿ ಕಳಚುವಂತಿಲ್ಲ, ಮನೆಯವರೇ ವಾಪಸು ಕೇಳಬೇಕು. ಹಾಗೆ ಯಾರೂ ಎಂದೂ ಕೇಳಿದ್ದಿಲ್ಲ.

ನಾನು ಮೆಟ್ಟಿಲಿಳಿದು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನನ್ನು ಜೋಳಿಗೆಯಂತೆ ಹಿಡಿದೆ.

"ಇದು ನಮ್ಮನೆಯಿಂದ ಬಂದಿದ್ದಲ್ಲ. ನಮ್ಮನೆ ಕರೆ ನಿನ್ನೆ ನಾನು ಬಾಯಲ್ಲಿ ಹೇಳಿದ್ದೊಂದೇ. ತೆಗೆದು ಇದ್ರಲ್ಲಿ ಹಾಕಿ."

ಯಾರೋ ಹಿಂದಿನಿಂದ, "ಈ ಚಳಿಗೆ ಬೆರಳು ಉದುರ್ತವೆ ಹುಡುಗಿ," ಅಂದರು.

"ಉದುರ್ಲಿ. ಅಪ್ಪನಿಗೂ ಚಳಿ ಆಗಿತ್ತು."

ನನ್ನ ದನಿ ಬೀದಿಯವರೆಗೆ ಕೇಳಿಸಿತಂತೆ. ಮುಂದೆ ನಿಂತ ಅಸಹೇಲ ಹಲ್ಲಿನಿಂದ ತುದಿ ಕಚ್ಚಿ ಎಳೆದು ಒಂದೊಂದಾಗಿ ಹಾಕಿದ. ಅವನ ಹಿಂದೆ ಇನ್ನೂ ನಾಲ್ವರು ಹಾಕಿದರು. ಉಳಿದವರು ತಲೆ ತಗ್ಗಿಸಿ ಗೇಟು ದಾಟಿದರು. ಏಪ್ರಿಲಿನಲ್ಲಿ ದೊರೆಯ ದಂಡಿನೆದುರು ಬಂದೂಕು ಹಿಡಿದದ್ದು ಈ ಕೈಗಳೇ. ಯುದ್ಧ ಆಗ ಶುರುವಾಯಿತೆನ್ನುತ್ತಾರೆ. ನಮ್ಮ ಅಂಗಳದಲ್ಲಿ ಅದಕ್ಕೂ ಮೊದಲೇ ಆಗಿತ್ತು.

"ಆರನೆಯವನು ನಾನು. ನನ್ನಣ್ಣ ಅವನು," ಎಂದು ಚಿಕ್ಕಪ್ಪ, ಐವರೂ ಅಂಗಳಕ್ಕೆ ತಂದಿಟ್ಟ ಪೆಟ್ಟಿಗೆಯ ಹಿಡಿಗೆ ಕೈ ಚಾಚಿದರು.

"ಗವಸು, ಚಿಕ್ಕಪ್ಪ."

ಅವರ ಮುಖ ಸಣ್ಣದಾಯಿತು. "ಬಾಸ್ಟನ್ನಲ್ಲಿರೋ ದೊರೆ ದಂಡಿಗೆ ಹಿಟ್ಟು ಮಾರೋನು ಕಣೇ ನಾನು. ಇವತ್ತು ತೆಗೆದ್ರೆ ನಾಳೆ ಅವರ ಕಿವಿಗೆ ಬೀಳುತ್ತೆ. ನನ್ನ ಮಕ್ಕಳು ಏನು ತಿನ್ಬೇಕು?"

ಅವರು ಅಳುತ್ತಿದ್ದರು. ಅಪ್ಪನ ಮೇಲಿನ ಪ್ರೀತಿಯೂ ನಿಜ, ಆ ಹೆದರಿಕೆಯೂ ನಿಜ.

"ಹಾಗಾದ್ರೆ ಹಿಂದೆ ನಡ್ಕೊಂಡು ಬನ್ನಿ," ಎಂದು ಆ ಹಿಡಿಯನ್ನು ನಾನೇ ಹಿಡಿದೆ. ಚಳಿಗೆ ಕಬ್ಬಿಣ ಅಂಗೈಗೆ ಅಂಟಿಕೊಂಡಿತು.

ಹೆಣ್ಣುಮಕ್ಕಳು ಹೊರುವ ಪದ್ಧತಿ ನಮ್ಮಲ್ಲಿಲ್ಲ. ಗೇಟಿನ ಹತ್ತಿರ ಕಾಯುತ್ತಿದ್ದ ಅಯ್ಯನವರು ಅಡ್ಡ ನಿಂತು ಏನೋ ಹೇಳಲು ಬಾಯಿ ತೆರೆದರು.

"ಅಯ್ಯನೋರೇ, ಮುಂದೆ ನಡೀರಿ," ಅಂದ ಅಸಹೇಲ. "ಭಾರ ಇದೆ."