ದೂಳಿನ ಗುಳಿಗೆ

ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ ಮೇಲೆ ಹೊಸಪೇಟೆಯ ನಮ್ಮ ಖಾನಾವಳಿಗೆ ಎರಡು ರೂಢಿ ಬಂದವು. ಕಿಟಕಿಗೆ ಹಳೆಯ ಸೀರೆ ಒದ್ದೆ ಮಾಡಿ ಕಟ್ಟುವುದು. ಊಟವಾದ ಮೇಲೆ ದೊಡ್ಡಪ್ಪ ಬಸವಕುಮಾರ್ ಮನೆಮಂದಿಗೆಲ್ಲ ನೆಗಡಿಯ ಹಳದಿ ಗುಳಿಗೆ ಹಂಚುವುದು. ಅಜ್ಜಿ ಕೊಟ್ರಬಸಮ್ಮನಿಗೆ ಕೆಮ್ಮು ಜಾಸ್ತಿ, ಆಕೆಗೆ ಎರಡು.

ಬರುಬರುತ್ತ ಅಜ್ಜಿ ಮಬ್ಬಾದಳು. ಪಲ್ಯಕ್ಕೆ ಎರಡೆರಡು ಸಲ ಉಪ್ಪು ಹಾಕಿದಳು. ಲಾರಿ ಡ್ರೈವರೊಬ್ಬನನ್ನು ತೀರಿಹೋದ ಅಜ್ಜನೆಂದು ತಿಳಿದು, ಇಷ್ಟು ದಿನ ಎಲ್ಲಿ ಹಾಳಾಗಿದ್ದೆ ಎಂದು ಬೈದಳು. ಪಾಪ, ಅವನು ಬೈಸಿಕೊಳ್ಳುತ್ತಲೇ ಉಂಡ.

"ವಯಸ್ಸಾತು. ಐತಾರ ಕಂಪ್ಲಿಗೆ ಬಿಟ್ಟು ಬರ್ತೀನಿ, ನನ್ನ ತಂಗಿ ಮನ್ಯಾಗ ಕುಂತಿರ್ಲಿ," ಎಂದರು ದೊಡ್ಡಪ್ಪ.

"ನಾ ಒಲಿ ಬಿಟ್ಟು ಏಳಾಂಗಿಲ್ಲ," ಎಂದ ಅಜ್ಜಿ ಅಲ್ಲೇ ತೂಕಡಿಸಿದಳು.

ನಾನು ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದೆ. ಹೇಳಬೇಕಾದ್ದನ್ನೆಲ್ಲ ಡೈರಿಗೆ ಹೇಳಿ ಸುಮ್ಮನಾಗುವವಳು. ಅಂದು ಮಾತ್ರ ದೊಡ್ಡಪ್ಪ ಅಜ್ಜಿಯ ಅಂಗೈಗೆ ಹಾಕಿದ ಗುಳಿಗೆಗಳನ್ನು ಎತ್ತಿಕೊಂಡೆ.

"ಇದರಿಂದಾನ ಆಕಿ ಹಿಂಗ ಆಗ್ಯಾಳ."

"ಎಲ್ಲಾರೂ ನುಂಗ್ತೀವಿ. ನಮಗೇನಾಗೇತಿ?"

"ನಮಗ ನಿದ್ದಿ ಬರ್ತೈತಿ, ಅಷ್ಟ. ಮಿದುಳಿನ ರಕ್ತನಾಳದಾಗ ಜೀವಕೋಶ ಒಂದಕ್ಕೊಂದು ಹೊಲಿದಂಗ ಬಿಗಿ ಇರ್ತಾವ. ಹೊರಗಿಂದ ಬ್ಯಾರೆ ಕೋಶ ಅಮುಕಿ ಹಿಡಿದಿರ್ತಾವ. ರಕ್ತದಾಗಿರೋದನ್ನೆಲ್ಲಾ ಒಳಗ ಬಿಡಾಂಗಿಲ್ಲ. ವಯಸ್ಸಾದಂಗ ಹೊಲಿಗಿ ಸಡ್ಲ ಆಗ್ತೈತಿ, ಹಿಡಿಯೋವೂ ಕಮ್ಮಿ ಆಗ್ತಾವ. ಆವಾಗ ಗುಳಿಗಿ ಮದ್ದು ಮಿದುಳಿಗೆ ಜಾಸ್ತಿ ನುಗ್ತೈತಿ." ಕಿಟಕಿ ತೋರಿಸಿದೆ. "ಆ ಸೀರಿ ಹಂಗ. ಗಟ್ಟಿ ಇದ್ದಾಗ ದೂಳು ತಡೀತು. ಈಗ ನೋಡ್ರಿ."

ಸೀರೆ ಜಾಳುಜಾಳಾಗಿತ್ತು. ಕೆಳಗಿನ ಕಟ್ಟೆ ಕೆಂಪಗಿತ್ತು.

ಅಜ್ಜಿ ಕಣ್ಣು ಬಿಟ್ಟಳು. "ನನ್ನ ತಲ್ಯಾಗ ಹಳೇ ಸೀರಿ ಕಟ್ಯಾರೇನ? ಹೊಸಾದು ತಾ ಹಂಗಾರ."

"ಅದು ಅಂಗಡ್ಯಾಗ ಸಿಗಾಂಗಿಲ್ಲಜ್ಜಿ."

"ಇನ್ಮ್ಯಾಲ ಈ ಡಾಕ್ಟ್ರಮ್ಮಗ ಕೈ ಮುಗೀಬೇಕು," ಎಂದರು ದೊಡ್ಡಪ್ಪ.

"ಮುಗೀರಿ." ಬಾಯಿಂದ ಹೇಗೆ ಬಂತೋ ತಿಳಿಯದು. "ಗುಳಿಗಿ ಕೊಡಾಂಗಿಲ್ಲ. ಐತಾರಕ್ಕೂ ಹಿಂಗ ಇದ್ರ ನಾನ ಬಸ್ ಹತ್ತಿಸ್ತೀನಿ."

ಮರುದಿನ ಅಜ್ಜಿಯನ್ನು ದವಾಖಾನೆಗೆ ಕರೆದೊಯ್ದೆ. ಆ ಗುಳಿಗೆ ವಯಸ್ಸಾದವರಿಗೆ ಆಗದು ಎಂದು ಡಾಕ್ಟರು ಕೆಮ್ಮಿಗೆ ಬೇರೆ ಔಷಧ ಬರೆದರು. ದೊಡ್ಡಪ್ಪ ಮಾತ್ರ ಕಂಪ್ಲಿಗೆಂದು ಅಜ್ಜಿಯ ಚೀಲ ತುಂಬಿಟ್ಟರು.

ದೊಡ್ಡಪ್ಪ ಹೇಳಿದ್ದ ಭಾನುವಾರ ಅಜ್ಜಿ ಎಲ್ಲರಿಗಿಂತ ಮೊದಲೇ ಒಲೆ ಹಚ್ಚಿದ್ದಳು. ಅದೇ ಡ್ರೈವರ್ ಬಂದು ಕೂತ. "ನಿನ್ನ ಗಂಡ ಬಂದಾನ ನೋಡಜ್ಜಿ."

"ನೀ ಅಲ್ಲ ಬಿಡಪಾ. ಅಂವ ಇಷ್ಟು ಉಣ್ತಿದ್ದಿಲ್ಲ." ರೊಟ್ಟಿ ತಟ್ಟುತ್ತಲೇ ನನ್ನತ್ತ ತಿರುಗಿದಳು. "ಪಲ್ಯಕ್ಕ ಉಪ್ಪು ಹಾಕಿದ್ನೇನ?"

"ಹಾಕೀದಿ."

ದೊಡ್ಡಪ್ಪ ಚೀಲ ಎತ್ತಿಕೊಂಡರು. "ನೋಡಿದ್ಯಾ, ಇನ್ನೂ ಮರೀತಾಳ."

"ಮರೀಲಿ. ಹೇಳಾಕ ನಾ ಅದೀನಿ. ಚೀಲ ಕೆಳಗಿಡ್ರಿ."

ಅಜ್ಜಿ ಎದ್ದು ಬಂದು, ಅವರ ಕೈಯಲ್ಲಿದ್ದ ಚೀಲದಿಂದಲೇ ಒಂದು ಗಟ್ಟಿ ಸೀರೆ ಎಳೆದು ಮಗನ ಹೆಗಲಿಗೆಸೆದಳು.

"ಕಿಟಕಿಗೆ ಕಟ್ಟಲೇ ಬಸ್ಯಾ. ಒದ್ದಿ ಮಾಡಿ ಕಟ್ಟು."