ಓದುವವಳ ಅಭಿಪ್ರಾಯ

ನಮ್ಮ ಕೋಣೆಯಲ್ಲಿ ಅಭಿಪ್ರಾಯ ಇಲ್ಲದವರಿಗೆ ಉಳಿಗಾಲವಿಲ್ಲ. ಮುಂದಿನ ಹಾಲ್‌ನಲ್ಲಿ ಮಷೀನುಗಳು ಶರ್ಟು ಹೊಲಿದು ಬಿಸಾಕುತ್ತವೆ. ಗುಂಡಿ ಹಚ್ಚುವುದು, ಇಸ್ತ್ರಿ ಹಾಕಿ ಮಡಿಸುವುದು ಹಿಂದಿನ ಕೋಣೆಯ ನಮ್ಮ ಪಾಲು. ಕೈಗೆ ಕೆಲಸ, ಕಿವಿಗೆ ಬಿಡುವು. ಅದಕ್ಕೇ ಒಬ್ಬರು ಕಾದಂಬರಿ ಓದುವುದು, ಅವರ ಪಾಲಿನ ಶರ್ಟುಗಳನ್ನು ಉಳಿದವರು ಹಂಚಿಕೊಳ್ಳುವುದು ಎಂದು ಯಾವ ಕಾಲದಲ್ಲೋ ಆದ ಏರ್ಪಾಡು. ಅಧ್ಯಾಯ ಮುಗಿದ ಕೂಡಲೇ ಎಲ್ಲರೂ ಅಭಿಪ್ರಾಯ ಹೇಳಬೇಕು. ಸುಮ್ಮನಿದ್ದವರು ಸಂಜೆ ಎಲ್ಲರ ಶರ್ಟಿನ ದಾರದ ತುದಿ ಕತ್ತರಿಸಬೇಕು. ಓದುವವರು ಮಾತ್ರ ಪುಸ್ತಕ ಪೂರ್ತಿ ಮುಗಿಯುವವರೆಗೆ ತಮ್ಮ ಅಭಿಪ್ರಾಯ ಹೇಳುವ ಹಾಗಿಲ್ಲ; ಹೇಳಿದರೆ ಓದುವ ದನಿಯಲ್ಲೇ ಪಕ್ಷಪಾತ ಬಂದುಬಿಡುತ್ತದಂತೆ. ಇದು ಕಟಿಂಗ್ ಮಾಸ್ಟರ್ ಮಾಡಿದ ಕಾನೂನು. ಕಣ್ಣು ಮಂಜಾಗಿ ಕತ್ತರಿ ಬಿಟ್ಟ ಮೇಲೆ ಅವರು ನಮಗೆ ಗುಂಡಿ ಆರಿಸಿ ಕೊಡುತ್ತಾರೆ. ಕಾನೂನು ಮಾಡುವುದನ್ನು ಮಾತ್ರ ಬಿಟ್ಟಿಲ್ಲ.

ಈಗ ಓದುವವಳು ಪುಟ್ಟಿ. ಅವಳು ಎಲ್ಲರಿಗೂ ನನ್ನ ತಂಗಿ. ಹೆತ್ತವಳು ನಾನು ಎಂಬುದು ಗೊತ್ತಿರುವುದು ನನಗೆ ಮತ್ತು ಅಮ್ಮನಿಗೆ. ನನಗೆ ಮದುವೆಯಾಗಿರಲಿಲ್ಲ, ಹೇಳಿಕೊಳ್ಳುವಂಥ ಗಂಡಸೂ ಇರಲಿಲ್ಲ. ಹೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಅಮ್ಮ ಮನೆಗೆ ಬೀಗ ಹಾಕಿ ನನ್ನನ್ನು ಬೇರೆ ಊರಿಗೆ ಕರೆದುಕೊಂಡು ಹೋದಳು. ಹೆರಿಗೆಯಾದ ಮೇಲೆ ಮಗುವನ್ನು ತನ್ನ ತೋಳಲ್ಲಿಟ್ಟುಕೊಂಡು ಈ ಊರಿಗೆ ಬಂದಳು. ನಾನು ಹಿಂದೆ ಪೆಟ್ಟಿಗೆ ಹೊತ್ತುಕೊಂಡು ಬಂದೆ. ಹತ್ತೊಂಬತ್ತು ವರ್ಷದಿಂದ ಪೆಟ್ಟಿಗೆ ಹೊತ್ತವಳ ಹಾಗೆಯೇ ಇದ್ದೇನೆ.

ಕೋಣೆಯಲ್ಲಿ ಉದ್ದದ ಒಂದು ಮೇಜು, ಗೋಡೆಗೆ ಒತ್ತಿದ ಬೆಂಚು. ಒಳಮೂಲೆಯಲ್ಲಿ ನಾನು, ನನ್ನ ಪಕ್ಕ ಅಮ್ಮ. ನಾನು ಏಳಬೇಕಾದರೆ ಅಮ್ಮ ಏಳಬೇಕು. ಮೊದಲ ದಿನ ಈ ಜಾಗ ತೋರಿಸಿದ್ದೂ ಅವಳೇ. ಎದುರಿಗೆ ಇಸ್ತ್ರಿ ಆಂಟಿಯ ಮೇಜು. ಬಾಗಿಲ ಹತ್ತಿರ, ಬೆಳಕು ಚೆನ್ನಾಗಿರುವಲ್ಲಿ, ಪುಟ್ಟಿ.

ಈ ಸಲದ ಪುಸ್ತಕಕ್ಕೆ ರಟ್ಟೂ ಇಲ್ಲ, ಹೆಸರೂ ಇಲ್ಲ. ಇಸ್ತ್ರಿ ಆಂಟಿ ಹಳೇ ಪುಸ್ತಕದಂಗಡಿಯಿಂದ ಎತ್ತಿಕೊಂಡು ಬಂದಿದ್ದಳು. ದೊಡ್ಡ ಮನೆಯೊಂದರ ಕಥೆ, ಬಾಗಿಲು ಹಾಕಿದ ಕೋಣೆಗಳು, ಪಿಸುಮಾತುಗಳು. ನನಗೂ ಮೊದಮೊದಲು ಖುಷಿಯೇ ಆಗಿತ್ತು. ಮೊನ್ನೆಯ ಅಧ್ಯಾಯದಲ್ಲಿ ಗುಟ್ಟು ಹೊರಬಿತ್ತು: ಆ ಮನೆಯ ಕಿರಿಮಗ ನಿಜವಾಗಿ ಹಿರಿಮಗಳು ಹೆತ್ತ ಮಗು.

ಸೂಜಿ ಬೆರಳಿಗೆ ಚುಚ್ಚಿತು. ಅಮ್ಮ ತಲೆ ಎತ್ತದೆ ನನ್ನ ಪಾದದ ಮೇಲೆ ತನ್ನ ಪಾದ ಇಟ್ಟಳು.

"ನಾನು ನಂಬಲ್ಲಪ್ಪ," ಎಂದರು ಮಾಸ್ಟರ್. "ಬರೆದೋನಿಗೆ ಅನುಭವ ಸಾಲದು. ಅಷ್ಟು ವರ್ಷ ಬಾಯಿ ಮುಚ್ಕೊಂಡಿರೋ ಹೆಂಗಸರನ್ನ ನಾನಂತೂ ಕಂಡಿಲ್ಲ."

"ಆ ತಾಯಿ ಮಾಡಿದ್ದು ಸರಿ," ಎಂದಳು ಅಮ್ಮ. "ಮಗೂಗೆ ಮನೆ ಸಿಕ್ತು, ಮಗಳಿಗೆ ಮರ್ಯಾದೆ ಉಳೀತು. ಇನ್ನೇನು ಬೇಕು?"

ನನ್ನ ಸರದಿ ಬಂದಾಗ "ಅಕ್ಷರ ಬಹಳ ಸಣ್ಣ ಅನ್ಸತ್ತೆ, ಪುಟ್ಟಿ ಕಣ್ಣಿಗೆ ಕಷ್ಟ," ಎಂದೆ. ಮಾಸ್ಟರ್ ಗದರಿದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವಂತೆ. ಇರಲಿ. ಇಷ್ಟು ವರ್ಷ ಆ ದೀಪದ ಬೆಳಕಿನಲ್ಲೇ ಬದುಕಿದ್ದೇನೆ.

ಹಿರಿಮಗಳು ಮಗುವನ್ನು ತನ್ನ ತಾಯಿಯ ಕೈಗೆ ಒಪ್ಪಿಸಿದ ರಾತ್ರಿಯ ಅಧ್ಯಾಯವನ್ನು ಪುಟ್ಟಿ ಓದಿದ್ದು ನಿನ್ನೆ. ಅವಳ ದನಿ ಚೆಂದ, ಎಲ್ಲೂ ಎಡವುವುದಿಲ್ಲ. "ಎದೆಯ ಭಾರವೆಲ್ಲ ಇಳಿದಂತಾಗಿ, ಅವಳು ಬಹಳ ದಿನಗಳ ನಂತರ ನೆಮ್ಮದಿಯಿಂದ ನಿದ್ರಿಸಿದಳು" ಎಂದು ಓದಿ ಬೆರಳಿಟ್ಟು ಪುಸ್ತಕ ಮುಚ್ಚಿದಳು.

ಇಸ್ತ್ರಿ ಆಂಟಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ನೋಡಿದ್ರಾ? ಹೆತ್ತ ಮಗೂನ ಕೊಟ್ಟು ಗೊರಕೆ ಹೊಡೀತಾಳೆ! ಅವಳು ಹೆಂಗಸಲ್ಲ, ಕಲ್ಲು."

ಸುಮ್ಮನಿದ್ದಿದ್ದರೆ ಸಂಜೆ ದಾರದ ತುದಿ ಕತ್ತರಿಸಿದ್ದರೆ ಸಾಕಿತ್ತು. ಆದರೆ ಮೈಯೆಲ್ಲ ಉರಿದುಹೋಯಿತು.

"ಎಲ್ಲಿ ನಿದ್ದೆ ಮಾಡಿದ್ಲು ಅವಳು?" ಎಂದೆ. "ಹಾಲು ಬತ್ತಲಿ ಅಂತ ನೀಲಿ ಗೀರಿನ ಹೊದಿಕೇನ ಎರಡು ತುಂಡು ಹರಿದು, ಒಂದನ್ನ ಎದೆಗೆ ಬಿಗಿದು ಕಟ್ಟಿದ್ರು. ಪಕ್ಕದ ಕೋಣೇಲಿ ಮಗು ಅತ್ತಾಗೆಲ್ಲ ಬಟ್ಟೆ ಒದ್ದೆ ಆಗ್ತಿತ್ತು. ಮೈ ಕೆಂಡದ ಹಾಗೆ ಸುಡ್ತಿತ್ತು. ಬಾಗಿಲಿಗೆ ಹೊರಗಡೆಯಿಂದ ಚಿಲಕ. ಏನು ಗೊತ್ತು ನಿಮಗೆ?"

ಪುಟ್ಟಿ ಪುಸ್ತಕ ತೆರೆದು ಹಿಂದಿನ ಪುಟ ನೋಡಿದಳು, ಮುಂದಿನ ಪುಟ ನೋಡಿದಳು.

"ಅಕ್ಕಾ, ಅದು ಪುಸ್ತಕದಲ್ಲಿ ಇಲ್ವಲ್ಲ."

"ಕೂತಲ್ಲೇ ತೂಕಡಿಸ್ತಾಳೆ," ಎಂದಳು ಅಮ್ಮ, ದಾರ ಹಲ್ಲಿನಿಂದ ಕಡಿಯುತ್ತಾ. "ಅರ್ಧ ಕೇಳೋದು, ಅರ್ಧ ಕನಸು ಕಾಣೋದು." ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಮಾಸ್ಟರ್ ನಕ್ಕರು. ಇಸ್ತ್ರಿ ಆಂಟಿ ನಗಲಿಲ್ಲ. ನನ್ನನ್ನು ನೋಡಿದಳು, ಪುಟ್ಟಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

ನೀಲಿ ಗೀರಿನ ಹೊದಿಕೆಯ ಇನ್ನೊಂದು ತುಂಡು ನಮ್ಮ ಮನೆಯಲ್ಲೇ ಇದೆ. ಪುಟ್ಟಿ ಚಿಕ್ಕಂದಿನಿಂದ ಅದನ್ನು ಬಿಟ್ಟು ಮಲಗಿದವಳಲ್ಲ. ಉಳಿದರ್ಧ ಎಲ್ಲಿ ಎಂದು ಕೇಳಿದಾಗೆಲ್ಲ ಅಮ್ಮ ತಪ್ಪನ್ನು ಇಲಿಗಳ ಮೇಲೆ ಹಾಕುತ್ತಿದ್ದಳು. ನಿನ್ನೆ ಸಂಜೆ ಪುಟ್ಟಿ ಅದನ್ನು ಹಗ್ಗದಿಂದ ತೆಗೆದು, ಹರಿದ ಅಂಚಿನ ಮೇಲೆ ಬೆರಳಾಡಿಸುತ್ತಾ ತುಂಬಾ ಹೊತ್ತು ನಿಂತಿದ್ದಳು. ಗುಂಡಿ ಹಚ್ಚುವವರ ಮನೆಯ ಹುಡುಗಿ ಅವಳು. ಇಲಿಯ ಹಲ್ಲು ಕಡಿದದ್ದಕ್ಕೂ ಕೈ ಹರಿದದ್ದಕ್ಕೂ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ? ಊಟಕ್ಕೆ ಕೂತಾಗಲೂ ಆ ತುಂಡು ಅವಳ ಹೆಗಲ ಮೇಲೆಯೇ ಇತ್ತು. ಕೇಳಲಿ ಎಂದು ಕಾದೆ, ಕೇಳದಿರಲಿ ಎಂದೂ ಕಾದೆ. ಅಮ್ಮ ನಮ್ಮಿಬ್ಬರ ನಡುವೆ ಕೂತು ತಟ್ಟೆಗಳಿಗೆ ಬಡಿಸುತ್ತಿದ್ದಳು.

ಇವತ್ತು ಬೆಳಗ್ಗೆ ನಾನು ಮೂಲೆ ಸೇರಿ ಸೂಜಿಗೆ ದಾರ ಪೋಣಿಸುವ ಮೊದಲೇ ಇಸ್ತ್ರಿ ಆಂಟಿ ಶುರು ಮಾಡಿದಳು.

"ಓದೋದು ಆಮೇಲೆ. ಮೊದಲು ನೀನು ಹೇಳಮ್ಮ. ನಿನ್ನೆ ಹೇಳಿದ್ಯಲ್ಲ, ಹೊದಿಕೆ, ಚಿಲಕ, ಅದೆಲ್ಲ ಎಲ್ಲಿಂದ ಬಂತು? ಕನಸಲ್ಲಿ ಯಾರಾದ್ರೂ ಗೀರಿನ ಬಣ್ಣ ನೋಡ್ತಾರಾ?"

ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಮ್ಮ. ಅವಳ ಪಾದ ನನ್ನ ಪಾದವನ್ನು ಹುಡುಕಿಕೊಂಡು ಬಂದಿತ್ತು. ಎದ್ದು ಓಡಬೇಕೆಂದರೂ ಅವಳ ಅಪ್ಪಣೆ ಬೇಕು. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ನಾಳೆಯಿಂದ ಈ ಕೋಣೆಯಲ್ಲಿ, ಈ ಬೀದಿಯಲ್ಲಿ, ಪುಟ್ಟಿ ಏನಾಗುತ್ತಾಳೆ ಅನ್ನಿಸಿತು.

"ಆಂಟಿ, ತಪ್ಪು ನನ್ನದು," ಎಂದಳು ಪುಟ್ಟಿ. "ಎರಡು ಹಾಳೆ ಅಂಟ್ಕೊಂಡಿದ್ವು. ನಾನು ನೋಡದೆ ದಾಟಿಬಿಟ್ಟೆ. ಅಕ್ಕ ಮನೇಲಿ ಮೊದಲೇ ಓದಿದ್ಲಂತೆ. ಆ ಪುಟ ಈಗ ಓದ್ತೀನಿ."

ಪುಸ್ತಕ ಎತ್ತಿ ಮುಖಕ್ಕೆ ಹಿಡಿದಳು. ನೀಲಿ ಗೀರಿನ ಹೊದಿಕೆ, ಎದೆಗೆ ಕಟ್ಟಿದ ತುಂಡು, ಜ್ವರ, ಹೊರಗಿನ ಚಿಲಕ, ಎಲ್ಲ ಓದಿದಳು, ಪುಸ್ತಕದ ಭಾಷೆಯಲ್ಲೇ. ಆಮೇಲೆ ನಾನು ಹೇಳದೆ ಇದ್ದದ್ದನ್ನೂ ಓದಿದಳು: "ಉಳಿದರ್ಧ ಹೊದಿಕೆಯಲ್ಲಿ ಮಗಳನ್ನು ಸುತ್ತಿದ್ದರು. ಅದರಲ್ಲಿ ತಾಯಿಯ ಮೈಯ ವಾಸನೆ ಇತ್ತು. ಅದಕ್ಕೇ ಆ ಮಗಳು ದೊಡ್ಡವಳಾದರೂ ಅದನ್ನು ಬಿಡಲಿಲ್ಲ."

"ತಾಳು ತಾಳು," ಎಂದರು ಮಾಸ್ಟರ್. "ಮಗಳು ಎಲ್ಲಿಂದ ಬಂದ್ಲು? ಗಂಡು ಮಗು ಅಲ್ವಾ?"

ಪುಟ್ಟಿ ಪುಟದಿಂದ ಕಣ್ಣೆತ್ತಲಿಲ್ಲ. "ಅಚ್ಚಿನ ತಪ್ಪು, ಮಾಸ್ಟ್ರೇ."

ಇಸ್ತ್ರಿ ಆಂಟಿ ತೋಳಿನಿಂದ ಕಣ್ಣೊರೆಸಿಕೊಂಡಳು. "ಪಾಪ. ಅವಳನ್ನ ಕಲ್ಲು ಅಂದುಬಿಟ್ಟೆನಲ್ಲ. ನನ್ನ ಅಭಿಪ್ರಾಯ ವಾಪಸ್ಸು ತಗೊಂಡಿದ್ದೀನಿ." ಆಮೇಲೆ ಕೇಳಿದಳು, "ನಿನಗೇನು ಅನ್ಸತ್ತೆ ಪುಟ್ಟಿ? ಅವಳನ್ನ ಕ್ಷಮಿಸ್ಬಹುದಾ?"

ನನ್ನ ಕೈ ಗುಂಡಿಯ ಮೇಲೆಯೇ ನಿಂತಿತು.

"ಓದೋರು ಪುಸ್ತಕ ಮುಗಿಯೋವರೆಗೆ ಹೇಳೋ ಹಾಗಿಲ್ಲ ಆಂಟಿ," ಎಂದಳು ಪುಟ್ಟಿ. ಮಾಸ್ಟರ್ ಮೆಚ್ಚಿ ತಲೆಯಾಡಿಸಿದರು.

ಅವಳು ಮುಂದಿನ ಅಧ್ಯಾಯ ತೆಗೆದಳು. ಅಮ್ಮ ಹೊಲಿಯುತ್ತಲೇ ಇದ್ದಳು, ಅವಳ ಪಾದ ನಿಧಾನವಾಗಿ ನನ್ನ ಪಾದದ ಮೇಲಿಂದ ಸರಿಯಿತು. ಇನ್ನು ಕಾವಲು ಬೇಡವೆಂದು ಅವಳಿಗೂ ಗೊತ್ತಾಗಿತ್ತು. ನನ್ನ ಮಗಳಿಗೆ ಒಂದು ದಿನ ನಿಜ ತಿಳಿಯಲಿ, ತಿಳಿದರೆ ನನಗೆ ಬಿಡುಗಡೆ ಎಂದುಕೊಂಡು ಇಷ್ಟು ವರ್ಷ ತಳ್ಳಿದ್ದೆ. ನಿಜ ತಿಳಿದ ಮೊದಲ ಬೆಳಗ್ಗೆಯೇ ಅವಳು ನನಗಾಗಿ ಸುಳ್ಳು ಹೇಳಿದಳು, ಥೇಟ್ ಅಮ್ಮನ ಹಾಗೆ, ಒಂದೂ ಅಕ್ಷರ ಎಡವದೆ. ಇಲ್ಲಿಯವರೆಗೆ ಈ ಸುಳ್ಳಿನ ಚಿಲಕದ ಒಳಗೆ ಅಮ್ಮ, ನಾನು ಇಬ್ಬರೇ ಇದ್ದೆವು. ಈಗ ಅವಳನ್ನೂ ಕರೆದುಕೊಂಡಿದ್ದೇವೆ.